ಏಳನೇ ಪಂದ್ಯವನ್ನು ಇನ್ನೂ ಆಡಿಸಿಲ್ಲ

ಗೆಳೆಯಾ,

ನಾವಿಬ್ಬರೂ ಕಂಪ್ಯೂಟರ್‌ನಲ್ಲಿ ಆಡಿಸುತ್ತಿರುವ ಬೇಸ್‌ಬಾಲ್ ಆಟದ ಏಳು ಪಂದ್ಯಗಳ ಫೈನಲ್‌ನಲ್ಲಿ ಆರನೇ ಪಂದ್ಯ ಮುಗಿದ ಕೂಡಲೇ ನೀನು ಕಳುಹಿಸಿದ ಛತ್ರಿಯ ಚಿತ್ರ ತಲುಪಿತು. ಗೆದ್ದವನು ನೀನೇ, ಒಪ್ಪಿದೆ. ಆದರೆ ನನ್ನನ್ನು ಸೋಲಿಸಿದ್ದು ಯಾರನ್ನು ಯಾವಾಗ ಇಳಿಸಬೇಕೆಂದು ತೀರ್ಮಾನಿಸುವ, ನನ್ನದೇ ಕಡೆಯ ಕಂಪ್ಯೂಟರ್ ಮ್ಯಾನೇಜರ್. ಇದನ್ನು ನಾಲ್ಕು ಜನರ ಮುಂದೆಯೇ ಹೇಳಬೇಕೆಂದು ಪತ್ರವನ್ನು ಎಲ್ಲರೂ ಓದುವಂತೆ ಹಾಕುತ್ತಿದ್ದೇನೆ.

ನಿನ್ನ ಮೈದಾನ, ಒಂಬತ್ತನೇ ಇನ್ನಿಂಗ್ಸ್, 4-4. ಗೆದ್ದರೆ ಕಪ್ ನನ್ನದು. ನನ್ನ ಕ್ಲೋಸರ್, ಅಂದರೆ ಕೊನೆಯಲ್ಲಿ ಬಂದು ಮುನ್ನಡೆ ಕಾಯುವ ಪಿಚರ್ (ಚೆಂಡೆಸೆಯುವವನು), ತಂಡದಲ್ಲೇ ಉತ್ತಮ, ಚೂರೂ ದಣಿಯದೆ ಕುಳಿತಿದ್ದ. ಮುನ್ನಡೆ ಸಿಕ್ಕಮೇಲೆ ಅದನ್ನು ಕಾಯಲು ಬೇಕಾಗುತ್ತಾನೆಂದು ಕಂಪ್ಯೂಟರ್ ಅವನನ್ನು ತೆಗೆದಿಟ್ಟು, ಯಾರೋ ಒಬ್ಬನನ್ನು ಇಳಿಸಿತು. ಹೋಮ್ ರನ್, ನಮ್ಮ ಸಿಕ್ಸರ್‌ನಂಥದ್ದು; ಪಂದ್ಯ ಮುಗಿಯಿತು. ಮುನ್ನಡೆ ಬರಲೇ ಇಲ್ಲ.

ಕ್ರಿಕೆಟ್ ಮಾತ್ರ ನೋಡುವವರಿಗೆ ಒಂದು ಮಾತು: ಬೇಸ್‌ಬಾಲ್‌ನಲ್ಲಿ ಒಮ್ಮೆ ಹೊರಹೋದ ಪಿಚರ್ ಆ ಪಂದ್ಯಕ್ಕೆ ಮರಳುವಂತಿಲ್ಲ. ಅಮೆರಿಕದ ಮೇಜರ್ ಲೀಗ್‌ನಲ್ಲಿ ಪ್ರತಿ ತಂಡಕ್ಕೂ ಋತುವಿಗೆ 162 ಪಂದ್ಯ. ಹಾಗಾಗಿ ಐವರು ಆರಂಭಿಕ ಪಿಚರ್‌ಗಳನ್ನು ಸರದಿಯಲ್ಲಿ ದುಡಿಸಿ, ಎಲ್ಲರ ತೋಳನ್ನೂ ನಾಳೆಗೆ ಉಳಿಸಿಕೊಳ್ಳುವುದೇ ಜಾಣತನ. ಪ್ಲೇಆಫ್‌ನಲ್ಲಿ ಬಿಡುವಿನ ದಿನಗಳು ಹೆಚ್ಚು, ನಾಳೆಗಳು ಕಡಿಮೆ. ನಾಲ್ವರು ಸಾಕು, ಕೆಲವೊಮ್ಮೆ ಮೂವರೇ ಸಾಕು. ನಮ್ಮ ಕಂಪ್ಯೂಟರ್ ಫೈನಲ್‌ನಲ್ಲೂ ಐದನೆಯವನ ಸರದಿ ತಪ್ಪಿಸಲಿಲ್ಲ.

ಯಂತ್ರವನ್ನೊಂದನ್ನೇ ಬೈಯುವುದು ನ್ಯಾಯವಲ್ಲ, ನಿಜ. 2016ರ ಪ್ಲೇಆಫ್‌ನಲ್ಲಿ, ಟೊರೊಂಟೊ ವಿರುದ್ಧ ಅವರದೇ ಮೈದಾನದಲ್ಲಿ ಬಾಲ್ಟಿಮೋರ್ ತಂಡದ ಮ್ಯಾನೇಜರ್ ಬಕ್ ಶೋವಾಲ್ಟರ್ ಮಾಡಿದ್ದೂ ಇದನ್ನೇ. ಆ ಋತುವಿನಲ್ಲಿ ಕಾಯಲು ಕೊಟ್ಟ 47 ಮುನ್ನಡೆಗಳಲ್ಲಿ ಒಂದನ್ನೂ ಬಿಟ್ಟುಕೊಡದ ಅವನ ಕ್ಲೋಸರ್ ಝಾಕ್ ಬ್ರಿಟನ್ ಕೊನೆಯವರೆಗೂ ಮೈದಾನಕ್ಕೆ ಇಳಿಯಲಿಲ್ಲ. 11ನೇ ಇನ್ನಿಂಗ್ಸ್‌ನಲ್ಲಿ ಟೊರೊಂಟೊದ ಎನ್‌ಕಾರ್ನಾಸಿಯೋನ್ ಹೊಡೆದ ಮೂರು ರನ್ನಿನ ಹೋಮ್ ರನ್ನಿಗೆ ಬಾಲ್ಟಿಮೋರ್‌ನ ಋತುವೇ ಮುಗಿಯಿತು. 2014ರ ಮೇಜರ್ ಲೀಗ್ ಫೈನಲ್‌ನ ಪಿಚರ್ ಮ್ಯಾಡಿಸನ್ ಬಮ್‌ಗಾರ್ನರ್‌ನನ್ನು ನೋಡು: ಐದನೇ ಪಂದ್ಯದಲ್ಲಿ 117 ಎಸೆತ ಎಸೆದು, ಎರಡೇ ದಿನ ವಿಶ್ರಮಿಸಿ, ಏಳನೇ ಪಂದ್ಯದಲ್ಲಿ ಮತ್ತೆ ಐದು ಇನ್ನಿಂಗ್ಸ್ ನಿಂತ. ದಣಿವಿನ ಅಂಕಿ ನೋಡಿ ತೀರ್ಮಾನಿಸುವ ನಮ್ಮ ಕಂಪ್ಯೂಟರ್ ಅವನನ್ನು ಎಬ್ಬಿಸುತ್ತಲೇ ಇರಲಿಲ್ಲ.

ನೀನು ಪಿಚರ್ ಬ್ಲೇಕ್ ಸ್ನೆಲ್ ಹೆಸರು ಎತ್ತುತ್ತೀಯ, ಗೊತ್ತು. 2020ರ ಮೇಜರ್ ಲೀಗ್ ಫೈನಲ್‌ನ ಆರನೇ ಪಂದ್ಯ, 1-0 ಮುನ್ನಡೆ, 73 ಎಸೆತಕ್ಕೇ ಅವನನ್ನು ತೆಗೆದ ಮ್ಯಾನೇಜರ್ ಕೆವಿನ್ ಕ್ಯಾಶ್. ಅದೇ ಬ್ಯಾಟರ್‌ಗಳು ಮೂರನೇ ಸುತ್ತು ಬಂದಾಗ ಪಿಚರ್ ಹಳಬನಾಗುತ್ತಾನೆ ಎಂಬ ಲೆಕ್ಕ ಸರಿಯೇ ಇರಬಹುದು. ಆ ರಾತ್ರಿಯ ಸ್ನೆಲ್‌ಗೆ ಅದು ಸಲ್ಲುತ್ತಿರಲಿಲ್ಲ. ನಾನು ಈ ಮಾತನ್ನು ಬಿಡುವುದಿಲ್ಲ.

ಇದೇ ರೋಷದಲ್ಲಿ ಏಳನೇ ಪಂದ್ಯಕ್ಕೆ ಕುಳಿತೆ. ಕ್ಲೋಸರ್ ಸಮಬಲದಲ್ಲೂ ಬರುವಂತೆ, ಆರಂಭಿಕ ಪಿಚರ್ ತಡವರಿಸಿದರೆ ಬೇಗ ಹೊರಬರುವಂತೆ ಸೆಟ್ಟಿಂಗ್ ಬದಲಿಸಿದೆ. ಆಡಿಸಲು ಮಾತ್ರ ಕೈ ಬರಲಿಲ್ಲ. ಇದು ಮುಗಿದರೆ ನಮ್ಮ ನಡುವೆ ಏನು ಉಳಿಯುತ್ತದೆ? ಸರಸ್ವತಿಪುರದ ನಿಮ್ಮ ಮನೆ ಮಾರಾಟವಾದ ಮೇಲೆ ನಿನ್ನನ್ನು ಮೈಸೂರಿಗೆ ಎಳೆದು ತರುವಂಥದ್ದು ಏನೂ ಇಲ್ಲ. ಅಪ್ಪನ ಆಪರೇಷನ್ ವಿಷಯವನ್ನು ನಾನು ನಿನಗೆ ತಿಳಿಸಿದ್ದು ಕೂಡ ಪಿಚರ್‌ಗಳ ಪಟ್ಟಿಯ ಕೆಳಗೆ, ಒಂದೇ ಸಾಲಿನಲ್ಲಿ. ನೀನು ತಕ್ಷಣ ಫೋನ್ ಮಾಡಿದೆ. ಆ ಪಟ್ಟಿ ಇರದಿದ್ದರೆ ಆ ಸಾಲನ್ನು ಎಲ್ಲಿ ಬರೆಯುತ್ತಿದ್ದೆನೋ ತಿಳಿಯದು. 2010ರ ಜನವರಿಯಲ್ಲಿ ಗಂಗೋತ್ರಿ ಗ್ಲೇಡ್ಸ್‌ನಲ್ಲಿ ಕರ್ನಾಟಕ ಮುಂಬೈಗೆ 6 ರನ್ನಿನಿಂದ ರಣಜಿ ಫೈನಲ್ ಸೋತ ದಿನ ಮನೆಯವರೆಗೂ ನಾವು ತುಟಿ ಬಿಚ್ಚದೆ ನಡೆದಿದ್ದೆವು. ಆಗ ಮಾತಿಗೆ ಅವಸರವಿರಲಿಲ್ಲ. ಬೆಳಗಾದರೆ ನೀನು ಗೇಟಿನ ಬಳಿ ಇರುತ್ತಿದ್ದೆ. ಈಗ ನೀನು ಬಹಳ ನೆನಪಾಗುತ್ತೀಯ.

ಇಷ್ಟೆಲ್ಲ ಬರೆಯಬೇಕೆಂದಿರಲಿಲ್ಲ. ಕೆಲಸದ ಮಾತಿಗೆ ಬರೋಣ. ಏಳನೇ ಪಂದ್ಯವನ್ನು ಕಂಪ್ಯೂಟರ್‌ಗೆ ಬಿಡುವುದು ಬೇಡ, ನಾವೇ ಮ್ಯಾನೇಜರ್‌ಗಳಾಗೋಣ. ದಸರೆಗೆ ಬಾ. ಆಯುಧ ಪೂಜೆಯ ದಿನ ಲ್ಯಾಪ್‌ಟಾಪ್‌ಗೆ ಹೂವೇರಿಸಿ ಸುಮ್ಮನಿರಿಸೋಣ, ಮರುದಿನ ಜಂಬೂ ಸವಾರಿ ನೋಡಿ ಬಂದು ಆಡೋಣ. ಆರನೇ ಇನ್ನಿಂಗ್ಸ್‌ನಲ್ಲಿ ಪಂದ್ಯ ಬಿಗಿಯಾದರೆ ಆಗಲೇ ಕ್ಲೋಸರ್‌ನನ್ನು ಇಳಿಸುತ್ತೇನೆ, ಮುಂಚೆಯೇ ಹೇಳಿದ್ದೇನೆ. ಅವನನ್ನು ಎದುರಿಸುವ ಬ್ಯಾಟರ್ ನಿನ್ನ ಬೆಂಚಿನಲ್ಲಿ ಯಾರಿದ್ದಾರೆಂದು ಈಗಿನಿಂದಲೇ ಹುಡುಕಿಕೋ.