ದಾಖಲೆ ಹಾಕುವ ಮುನ್ನ

ಗೆಳೆಯರೇ, ಇಲ್ಲಿ ಟೆನಿಸ್ ದಾಖಲೆ ಹಾಕುವಾಗ ‘ಅತಿ ಹೆಚ್ಚು ಗ್ರ್ಯಾಂಡ್ ಸ್ಲಾಮ್’ (ನಾಲ್ಕು ದೊಡ್ಡ ಟೂರ್ನಿಗಳ ಪ್ರಶಸ್ತಿ) ಅಂತ ಸುಮ್ನೆ ಹಾಕಬೇಡಿ. ಸಿಂಗಲ್ಸ್ ಲೆಕ್ಕವೋ, ಡಬಲ್ಸ್ ಕೂಡ ಸೇರಿದೆಯೋ, ಓಪನ್ ಯುಗದ್ದು (ವೃತ್ತಿಪರರಿಗೂ ಆಡಲು ಬಿಟ್ಟ 1968ರಿಂದ ಈಚಿನದು) ಮಾತ್ರವೋ ಅಂತ ಬರೆಯಿರಿ. ಸಿಂಗಲ್ಸ್‌ನಲ್ಲಿ ಜೊಕೊವಿಕ್, ಮಾರ್ಗರೆಟ್ ಕೋರ್ಟ್ ಇಬ್ಬರಿಗೂ 24. ಆದರೆ ಕೋರ್ಟ್ ಗೆದ್ದದ್ದರಲ್ಲಿ 13 ಪ್ರಶಸ್ತಿ 1968ಕ್ಕಿಂತ ಮುಂಚಿನವು. ಸೆರೆನಾ ಅವರ 23 ಪೂರ್ತಿ ಓಪನ್ ಯುಗದ್ದೇ. ಜಗಳ ಜಾಸ್ತಿ ಆಗುವುದು ಇಲ್ಲೇ ಅಲ್ವಾ?

ನನ್ನ ಕೇಳಿದರೆ ಎಲ್ಲಕ್ಕಿಂತ ನಂಬಲಾಗದ್ದು ನಡಾಲ್ ಫ್ರೆಂಚ್ ಓಪನ್ ದಾಖಲೆ. 14 ಪ್ರಶಸ್ತಿ, 112 ಗೆಲುವು, ಬರೀ 4 ಸೋಲು. ಆ ನಾಲ್ಕರಲ್ಲಿ ಎರಡು ಜೊಕೊವಿಕ್ ಕೈಯಲ್ಲಿ!

ವಿಂಬಲ್ಡನ್ ದಾಖಲೆಗೆ ಫೆಡರರ್ ಹೆಸರು ಹಾಕುವವರು ‘ಪುರುಷರ ಸಿಂಗಲ್ಸ್’ ಅಂತ ಸೇರಿಸಿ. ಅವರದು 8 ಪ್ರಶಸ್ತಿ, ಮಹಿಳೆಯರಲ್ಲಿ ನವ್ರಾಟಿಲೋವಾ ಅವರದು 9. ಸ್ಟೆಫಿ ಗ್ರಾಫ್ 1988ರಲ್ಲಿ ನಾಲ್ಕೂ ಸ್ಲಾಮ್ ಜೊತೆಗೆ ಒಲಿಂಪಿಕ್ ಚಿನ್ನ ಗೆದ್ದದ್ದನ್ನೂ ಯಾರಾದರೂ ಹಾಕಿ.