ಕಸಿಗೆ ಒಂದು ವರ್ಷ ತುಂಬಿದ ಹೊತ್ತಿನಲ್ಲಿ

ನನಗೆ ಮೂತ್ರಪಿಂಡದ ಕಸಿ ನಡೆದು ಈ ತಿಂಗಳಿಗೆ ಒಂದು ವರ್ಷ ತುಂಬಿತು. ಕಾಯಿಲೆಯ ದಿನಗಳಲ್ಲಿ ಆಸರೆಯಾಗಿ ನಿಂತವರಲ್ಲಿ ಹೆಚ್ಚಿನವರಿಗೆ ಎದುರಿಗೇ ಕೃತಜ್ಞತೆ ಹೇಳಿದ್ದೇನೆ. ಈ ಬರಹ ಮುಖ್ಯವಾಗಿ ನಾನು ಎಂದೂ ಕಾಣಲಾಗದವರಿಗೆ, ಮತ್ತು ಕೆಲವು ಸಂಗತಿಗಳು ನನಗೆ ತಿಳಿಯದಂತೆ ನೋಡಿಕೊಂಡವರಿಗೆ ಸಲ್ಲಬೇಕಾದ ನಮಸ್ಕಾರ.

ಮೊದಲು ಡಯಾಲಿಸಿಸ್ ಘಟಕದವರು. ಆರೋಗ್ಯವಂತರ ಎರಡು ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸಿ, ಅದರಲ್ಲಿ ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಬಿಟ್ಟು, ಮಿಕ್ಕದ್ದನ್ನೆಲ್ಲ ಬೇಕಾದ ಲವಣಗಳ ಸಮೇತ ಹಿಂದಕ್ಕೆ ಹೀರಿಕೊಳ್ಳುತ್ತವೆ. ಕೆಂಪು ರಕ್ತಕಣಗಳನ್ನು ಹುಟ್ಟಿಸುವಂತೆ ಅಸ್ಥಿಮಜ್ಜೆಗೆ ಸೂಚನೆ ಕೊಡುವ ಎರಿತ್ರೊಪೊಯೆಟಿನ್ ಹಾರ್ಮೋನು ಬಹುಪಾಲು ಅಲ್ಲಿಯೇ ತಯಾರಾಗುತ್ತದೆ. ಡಿ ಜೀವಸತ್ವ ದೇಹಕ್ಕೆ ಒದಗುವ ರೂಪ ತಳೆಯುವುದೂ ಮುಖ್ಯವಾಗಿ ಅಲ್ಲಿಯೇ. ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ತಾಸಿನಂತೆ ನಡೆಯುವ ಡಯಾಲಿಸಿಸ್ ಇವುಗಳಲ್ಲಿ ಸೋಸುವಿಕೆಯ ಒಂದು ಪಾಲನ್ನಷ್ಟೇ ಮಾಡಿಕೊಡಬಲ್ಲದು, ಆದರೆ ಜೀವ ನಿಲ್ಲುವುದು ಆ ಪಾಲಿನಿಂದಲೇ. ನನ್ನ ತೋಳಿನಲ್ಲಿ ಧಮನಿಯನ್ನೂ ಅಭಿಧಮನಿಯನ್ನೂ ಜೋಡಿಸಿ ಮಾಡಿದ ಫಿಸ್ಟುಲಾದ ಮೇಲೆ ಬೆರಳಿಟ್ಟರೆ ರಕ್ತ ಝುಮ್ಮೆಂದು ನುಗ್ಗುವುದು ಈಗಲೂ ತಿಳಿಯುತ್ತದೆ. ಘಟಕದ ಟೆಕ್ನೀಷಿಯನ್ ಪ್ರತಿ ಸಲವೂ ಮೊದಲು ಅಲ್ಲಿ ಬೆರಳಿಟ್ಟು ಆ ಕಂಪನವನ್ನು ಪರೀಕ್ಷಿಸಿ, ಹಿಂದಿನ ಸಲ ಚುಚ್ಚಿದ ಜಾಗವನ್ನು ಬಿಟ್ಟು ಸ್ವಲ್ಪ ಮೇಲೋ ಕೆಳಗೋ ಸೂಜಿ ಹಾಕುತ್ತಿದ್ದರು. ಒಂದೇ ಕಡೆ ಚುಚ್ಚುತ್ತ ಹೋದರೆ ನಾಳದ ಗೋಡೆ ತೆಳುವಾಗಿ ಉಬ್ಬಿಕೊಳ್ಳುತ್ತದೆ. ದಣಿದ ದಿನವೂ ಅವರು ಇದನ್ನು ತಪ್ಪಿಸಿದವರಲ್ಲ.

ಇದೇ ಚಿಕಿತ್ಸೆ ಯಾರಿಗೆ ಸಿಗಬೇಕೆಂದು ತೀರ್ಮಾನಿಸಿದ ರೀತಿ ಒಂದು ಕಾಲದಲ್ಲಿ ಬೇರೆಯೇ ಇತ್ತು. 1960ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ಅವರು ಟೆಫ್ಲಾನ್ ಕೊಳವೆಯನ್ನು ತೋಳಿನಲ್ಲಿ ಕಾಯಂ ಆಗಿ ಅಳವಡಿಸಿ, ಡಯಾಲಿಸಿಸ್ಸನ್ನು ದೀರ್ಘಕಾಲ ನಡೆಸುವ ದಾರಿ ತೋರಿಸಿದರು. ಯಂತ್ರಗಳು ಕೆಲವೇ ಇದ್ದವು, ರೋಗಿಗಳು ಬಹಳ. ಯಾರಿಗೆ ಅವಕಾಶವೆಂದು ನಿರ್ಧರಿಸಲು ಅಲ್ಲಿ ಸಾಮಾನ್ಯ ನಾಗರಿಕರದೊಂದು ಸಮಿತಿ ನೇಮಕವಾಯಿತು. ಅದು ಅರ್ಜಿದಾರರ ಉದ್ಯೋಗ, ಸಂಸಾರ, ವಿದ್ಯೆ, ಸಮಾಜಕ್ಕೆ ಅವರಿಂದಾಗುವ ಪ್ರಯೋಜನ ಇವನ್ನೆಲ್ಲ ತೂಗಿತು. ಸಮಿತಿಯವರು ದುಷ್ಟರೇನಲ್ಲ, ಅವರಿಗೊಪ್ಪಿಸಿದ ಕೆಲಸವೇ ಹಾಗಿತ್ತು. ಆದರೂ ಆ ಸಮಿತಿಯ ಮುಂದೆ ನಾನು ಕೂತಿದ್ದರೆ ನನ್ನ ಪರವಾಗಿ ಏನು ಹೇಳಿಕೊಳ್ಳುತ್ತಿದ್ದೆ ಎಂದು ಯೋಚಿಸಿದಾಗಲೆಲ್ಲ ಮೈ ಬೆವರುತ್ತದೆ. ನಾನಿದ್ದ ಕಾಯುವವರ ಪಟ್ಟಿ ನೋಡಿದ್ದು ರಕ್ತದ ಗುಂಪು, ಅಂಗಾಂಶದ ಹೊಂದಾಣಿಕೆ, ಕಾದ ಅವಧಿ ಮತ್ತು ದೇಹಸ್ಥಿತಿಯನ್ನು; ನಾನು ಒಳ್ಳೆಯವನೇ ಎಂದು ಅದು ಕೇಳಲಿಲ್ಲ. ಆ ಪ್ರಶ್ನೆಯನ್ನು ಪಟ್ಟಿಯಿಂದ ಹೊರಗಿಡಬೇಕೆಂದು ವಾದಿಸಿದ ಎಲ್ಲರಿಗೂ ನಾನು ಋಣಿ.

ನಮ್ಮ ಮನೆಯ ಇಬ್ಬರು ತಮ್ಮ ಒಂದೊಂದು ಮೂತ್ರಪಿಂಡ ಕೊಡಲು ಮುಂದೆ ಬಂದಿದ್ದರು. 1954ರ ಡಿಸೆಂಬರ್ 23ರಂದು ಬಾಸ್ಟನ್ನಿನಲ್ಲಿ ಜೋಸೆಫ್ ಮರ್ರೆ ಮತ್ತು ಸಂಗಡಿಗರು ತದ್ರೂಪಿ ಅವಳಿಗಳಲ್ಲಿ ಒಬ್ಬನ ಮೂತ್ರಪಿಂಡವನ್ನು ಇನ್ನೊಬ್ಬನಿಗೆ ಯಶಸ್ವಿಯಾಗಿ ಕಸಿ ಮಾಡುವ ಮೊದಲು, ಶಸ್ತ್ರಚಿಕಿತ್ಸೆಯಷ್ಟೇ ಅವರನ್ನು ಕಾಡಿದ್ದು ಇನ್ನೊಂದು ವಿಷಯ: ಯಾವ ಕಾಯಿಲೆಯೂ ಇಲ್ಲದ ಒಬ್ಬನ ದೇಹವನ್ನು, ಆ ದೇಹಕ್ಕೆ ಯಾವ ಲಾಭವೂ ಇಲ್ಲದೆ, ವೈದ್ಯನಾದವನು ಕೊಯ್ಯಬಹುದೇ? ಆತ ಮನಸಾರೆ ಒಪ್ಪಿದರೆ ಮಾತ್ರ ಕೊಯ್ಯಬಹುದೆಂಬುದು ವೈದ್ಯಲೋಕ ಕಂಡುಕೊಂಡ ಉತ್ತರ. ಹಾಗಾದರೆ ಆ ಮನಸ್ಸನ್ನು ಅರಿಯುವ ಬಗೆ ಹೇಗೆ, ಅದೂ ಹಾಸಿಗೆ ಹಿಡಿದವನು ಒಡಹುಟ್ಟಿದವನೋ ಗಂಡನೋ ಆಗಿರುವಾಗ, ಮನೆಮಂದಿಯೆಲ್ಲ ಮುಖ ನೋಡುತ್ತ ಕುಳಿತಿರುವಾಗ? ನಮ್ಮವರಿಬ್ಬರನ್ನೂ ನನ್ನ ಚಿಕಿತ್ಸೆಗೆ ಸಂಬಂಧಿಸದ ವೈದ್ಯರೊಬ್ಬರು ಬೇರೆ ಬೇರೆಯಾಗಿ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಮಾತನಾಡಿಸಿದರು. ಕೊನೆಗೆ ನನಗೆ ಬಂದ ಉತ್ತರ ಇಷ್ಟೇ: ಇಬ್ಬರೂ ದಾನಕ್ಕೆ ಸೂಕ್ತರಲ್ಲ. ಕಾರಣ ರಕ್ತದ ಗುಂಪೋ, ಮಧುಮೇಹದ ಸುಳಿವೋ, ಮನಸ್ಸಿನ ಅಳುಕೋ ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ದಾನಿಗೆ ಇಷ್ಟವಿಲ್ಲವೆಂದು ತಿಳಿದರೂ ವೈದ್ಯರು ಹೊರಗೆ ‘ಸೂಕ್ತವಲ್ಲ’ ಎಂದಷ್ಟೇ ಹೇಳುವ ರೂಢಿಯಿದೆ. ಕೆಲವರು ಅದನ್ನು ಸುಳ್ಳೆಂದು ಆಕ್ಷೇಪಿಸುತ್ತಾರೆ. ನಾನು ಆಕ್ಷೇಪಿಸಲಾರೆ. ನಮ್ಮಿಬ್ಬರು ಬಂಧುಗಳೊಂದಿಗೆ ನಾನು ಇಂದಿಗೂ ಯಾವ ಮುಜುಗರವೂ ಇಲ್ಲದೆ ಒಂದೇ ಪಂಕ್ತಿಯಲ್ಲಿ ಕೂರಬಲ್ಲೆನಾದರೆ ಅದು ಆ ವೈದ್ಯರ ಕೃಪೆ. ಮುಂದೆ ಬಂದದ್ದಕ್ಕಾಗಿ ಆ ಇಬ್ಬರಿಗೂ ನನ್ನ ನಮಸ್ಕಾರ ಸಮನಾಗಿ ಸಲ್ಲುತ್ತದೆ.

ಇನ್ನು ದಾನಿಯ ವಿಷಯ. ನನಗೆ ತಿಳಿಸಿದ್ದು, ಅವರಿಗೆ ಮಿದುಳು ಸಾವು ಸಂಭವಿಸಿತ್ತು, ಮೂತ್ರಪಿಂಡ ಚೆನ್ನಾಗಿ ಕೆಲಸ ಮಾಡುತ್ತಿತ್ತು ಎಂಬಷ್ಟನ್ನೇ. ಹೃದಯ ಬಡಿಯುತ್ತಿರುವ ದೇಹವನ್ನು ಸತ್ತದ್ದೆಂದು ಹೇಗೆ ಹೇಳುತ್ತಾರೆಂದು ನನ್ನ ಬಳಿ ಅನೇಕರು ಅನುಮಾನದಿಂದಲೇ ಕೇಳಿದ್ದಾರೆ. ಹೃದಯದ ಬಡಿತಕ್ಕೆ ಮಿದುಳಿನ ಅಪ್ಪಣೆ ಬೇಕಿಲ್ಲ, ಅದರ ಮಿಡಿತ ಅದರೊಳಗೇ ಹುಟ್ಟುತ್ತದೆ; ಆದರೆ ಉಸಿರಾಟಕ್ಕೆ ಮಿದುಳುಕಾಂಡ ಬೇಕೇ ಬೇಕು. ವೆಂಟಿಲೇಟರ್ ಬಂದ ಮೇಲೆ, ಮಿದುಳು ಪೂರ್ತಿ ನಾಶವಾಗಿದ್ದರೂ ಯಂತ್ರ ಊದುವ ಗಾಳಿಯಿಂದ ಹೃದಯ ಕೆಲಕಾಲ ನಡೆಯುವ ಸ್ಥಿತಿ ಉಂಟಾಯಿತು, ಮತ್ತು 1968ರಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆಯ ಸಮಿತಿಯೊಂದು ಇದನ್ನು ಸಾವೆಂದು ಗುರುತಿಸುವ ಲಕ್ಷಣಗಳನ್ನು ಪ್ರಕಟಿಸಿತು. ಇಂದು ವೈದ್ಯರು ಮೊದಲು ಔಷಧದ ಮಂಪರು, ದೇಹ ತೀರಾ ತಣ್ಣಗಾಗಿರುವುದು ಮುಂತಾದ ಕಾರಣಗಳನ್ನು ತಳ್ಳಿಹಾಕುತ್ತಾರೆ. ಬಳಿಕ ಕಣ್ಣಿಗೆ ಬೆಳಕು ಬಿಟ್ಟು ಪಾಪೆ ಕಿರಿದಾಗುವುದೇ, ಕಣ್ಣಿನ ಕರಿಗುಡ್ಡೆಯನ್ನು ಹತ್ತಿಯ ಎಳೆಯಿಂದ ಮುಟ್ಟಿದರೆ ರೆಪ್ಪೆ ಅಲುಗುವುದೇ, ಕಿವಿಯೊಳಕ್ಕೆ ತಣ್ಣೀರು ಬಿಟ್ಟರೆ ಕಣ್ಣು ಹೊರಳುವುದೇ ಎಂದು ನೋಡುತ್ತಾರೆ. ಕೊನೆಯದಾಗಿ ಆಮ್ಲಜನಕವನ್ನು ಒದಗಿಸುತ್ತಲೇ ವೆಂಟಿಲೇಟರನ್ನು ಬಿಡಿಸಿ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಸಾಕಷ್ಟು ಏರಿದರೂ ಎದೆ ತಾನಾಗಿ ಏಳುವುದೇ ಎಂದು ಕಾಯುತ್ತಾರೆ. ಆ ನಿಮಿಷಗಳಲ್ಲಿ ಅವರು ಹುಡುಕುವುದು ಸಾವನ್ನಲ್ಲ, ಉಳಿದಿರಬಹುದಾದ ಒಂದು ಉಸಿರನ್ನು.

ಈ ಪರೀಕ್ಷೆ ನಡೆಸುವವರು ಕಸಿ ಮಾಡುವ ತಂಡದವರಾಗಿರಬಾರದೆಂಬ ನಿಯಮ ನನ್ನ ಪಾಲಿಗೆ ಬಹಳ ದೊಡ್ಡದು. ನನ್ನ ದಾನಿಯ ಹಾಸಿಗೆಯ ಬಳಿ ನಿಂತಿದ್ದ ವೈದ್ಯರಿಗೆ ನಾನೆಂಬವನೊಬ್ಬ ಇದ್ದೇನೆಂದೇ ಗೊತ್ತಿರಲಿಲ್ಲ. ಅವರ ರೋಗಿ ಕೊನೆಯವರೆಗೂ ಅವರ ರೋಗಿಯೇ ಆಗಿದ್ದರು, ಯಾರಿಗೋ ಬೇಕಾದ ಅಂಗಗಳ ಒಡೆಯರಲ್ಲ. ಆ ತೀವ್ರ ನಿಗಾ ಘಟಕದವರು ದಾನಿಯನ್ನು ಉಳಿಸಿಕೊಳ್ಳಲು ತಮ್ಮಿಂದಾದದ್ದನ್ನೆಲ್ಲ ಮಾಡಿ ಸೋತರೆಂಬ ನಂಬಿಕೆ ಇರುವುದರಿಂದಲೇ ನಾನು ನೆಮ್ಮದಿಯಿಂದ ನಿದ್ರಿಸುತ್ತೇನೆ. ಆಮೇಲೆ ಕುಟುಂಬದ ಬಳಿ ದಾನದ ಮಾತೆತ್ತಿದ ಸಂಯೋಜಕರಿಗೂ ವಂದನೆ. ಬೇಡವೆಂದಿದ್ದರೆ ಅದನ್ನೂ ಅಷ್ಟೇ ಗೌರವದಿಂದ ಕೇಳಿಸಿಕೊಂಡು ಎದ್ದು ಹೋಗುತ್ತಿದ್ದರೆಂಬ ಕಾರಣಕ್ಕೇ ಆ ಕುಟುಂಬದ ಒಪ್ಪಿಗೆಗೆ ಬೆಲೆ.

ಕರೆ ಬಂದ ರಾತ್ರಿ ಪ್ರಯೋಗಾಲಯದಲ್ಲಿ ಎಚ್ಚರವಿದ್ದವರನ್ನೂ ನೆನೆಯಬೇಕು. ದಾನಿಯ ಜೀವಕೋಶಗಳ ಜೊತೆ ನನ್ನ ರಕ್ತದ ಸೀರಮ್ಮನ್ನು ಬೆರೆಸಿ ನೋಡುವ ಕ್ರಾಸ್‌ಮ್ಯಾಚ್ ಪರೀಕ್ಷೆಯ ಮಹತ್ವವನ್ನು 1969ರಲ್ಲಿ ಪಟೇಲ್ ಮತ್ತು ತೆರಾಸಾಕಿ ಎಂಬ ಸಂಶೋಧಕರು ತೋರಿಸಿಕೊಟ್ಟರು. ಅದನ್ನು ಬಿಟ್ಟು ಕಸಿ ಮಾಡಿದರೆ ಮೊದಲೇ ಇದ್ದ ಪ್ರತಿಕಾಯಗಳು ಹೊಸ ಅಂಗವನ್ನು ಕೆಲವೇ ನಿಮಿಷ ಅಥವಾ ಗಂಟೆಗಳಲ್ಲಿ ಹಾಳುಗೆಡವಬಹುದು. ನನ್ನೊಡನೆ ಇನ್ನೊಬ್ಬರನ್ನೂ ಕರೆಸಿದ್ದರು. ಅವರ ಫಲಿತಾಂಶ ಪ್ರತಿಕೂಲವಾಗಿ ಬಂದು, ಬೆಳಗಿನ ಜಾವ ಚೀಲ ಹಿಡಿದು ಮನೆಗೆ ಹಿಂತಿರುಗುವಾಗ ನನ್ನ ಹೆಂಡತಿಯ ಬಳಿ ಬಂದು ‘ಒಳ್ಳೆಯದಾಗಲಿ’ ಎಂದು ಹೇಳಿ ಹೋದರಂತೆ. ಅವರಿಗೂ ಬೇಗ ಹೊಂದುವ ಅಂಗ ಸಿಕ್ಕಿರಲಿ.

ಹೊಸ ಮೂತ್ರಪಿಂಡವನ್ನು ಹಳೆಯವುಗಳ ಜಾಗದಲ್ಲಿ ಇಡುವುದಿಲ್ಲ. ಅವನ್ನು ಸಾಮಾನ್ಯವಾಗಿ ಹಾಗೆಯೇ ಬಿಟ್ಟು, ಇದನ್ನು ಕಿಬ್ಬೊಟ್ಟೆಯ ಒಂದು ಬದಿಯಲ್ಲಿ ರಕ್ತನಾಳಗಳಿಗೆ ಹೊಲಿಯುತ್ತಾರೆ. ಶಸ್ತ್ರಚಿಕಿತ್ಸೆಯ ಬಳಿಕ ಗಂಟೆಗೊಮ್ಮೆ ಮೂತ್ರವನ್ನು ಅಳೆದು, ಬರೆದು, ಅಷ್ಟೇ ಪ್ರಮಾಣದ ದ್ರವವನ್ನು ಡ್ರಿಪ್‌ನಲ್ಲಿ ಹೊಂದಿಸುತ್ತಿದ್ದ ನರ್ಸ್‌ಗಳ ಮುಖದಲ್ಲಿ ನನಗಿಂತ ಹೆಚ್ಚಿನ ಸಂತೋಷವಿತ್ತು. ದಿನಕ್ಕೆರಡು ಸಲ, ಹನ್ನೆರಡು ತಾಸಿನ ಅಂತರದಲ್ಲಿ ನಾನು ನುಂಗುವ ಟ್ಯಾಕ್ರೊಲಿಮಸ್ ಜಪಾನಿನ ತ್ಸುಕುಬಾ ಪ್ರದೇಶದ ಮಣ್ಣಿನ ಸೂಕ್ಷ್ಮಜೀವಿಯಿಂದ 1984ರಲ್ಲಿ ಪತ್ತೆಯಾದದ್ದು. ದೇಹದ ರಕ್ಷಣಾ ಕಣಗಳು ಈ ಅಂಗವನ್ನು ಪರಕೀಯವೆಂದು ಮುತ್ತಿಗೆ ಹಾಕದಂತೆ ಅದು ತಡೆಯುತ್ತದೆ. ಬದಲಿಗೆ ಕೈ ಸ್ವಲ್ಪ ನಡುಗುತ್ತದೆ, ಸೋಂಕಿನ ಭಯ ಸದಾ ಇರುತ್ತದೆ.

ದಾನಿಯ ಮನೆಯವರಿಗೆ ಸಂಯೋಜಕರ ಮೂಲಕ ನಾನೊಂದು ಪತ್ರ ಕಳುಹಿಸಿದ್ದೆ. ಹೆಸರು, ಊರು, ಕೆಲಸ ಯಾವುದನ್ನೂ ಬರೆಯಕೂಡದು. ಸಂಯೋಜಕರು ಓದಿ ನೋಡಿದ ಮೇಲೆಯೇ ಅದು ಮುಂದಕ್ಕೆ ಹೋಗುತ್ತದೆ. ಉತ್ತರ ಬಂದಿಲ್ಲ. ಉತ್ತರಿಸದಿರುವುದು ಆ ಮನೆಯವರ ಹಕ್ಕು; ನನ್ನ ಕೃತಜ್ಞತೆಯನ್ನು ಹೊರುವ ಭಾರವೂ ಅವರ ಮೇಲೆ ಬೀಳಬಾರದು. ಮೊನ್ನೆ ವಾರ್ಷಿಕ ತಪಾಸಣೆಯಲ್ಲಿ, ಮೂತ್ರಪಿಂಡ ಹೇಗೆ ಸೋಸುತ್ತಿದೆಯೆಂದು ತಿಳಿಸುವ ರಕ್ತದ ಕ್ರಿಯಾಟಿನಿನ್ 1.2 ಇತ್ತು, ಎಂದರೆ ಅವರು ಕೊಟ್ಟ ಅಂಗ ಚೆನ್ನಾಗಿ ಕೆಲಸ ಮಾಡುತ್ತಿದೆ. ಅದನ್ನು ತಿಳಿಸಿ ಎರಡನೆಯ ಪತ್ರ ಬರೆದು ಸಂಯೋಜಕರ ಕೈಗೆ ಕೊಟ್ಟಿದ್ದೇನೆ. ಓದುವ ಮನಸ್ಸಾದ ದಿನ ಅವರು ಕೇಳಿ ಪಡೆಯಲಿ, ಅಲ್ಲಿಯವರೆಗೆ ಅದು ಕಡತದಲ್ಲಿಯೇ ಇರಲಿ ಎಂದು ಹೇಳಿದ್ದೇನೆ.