ಮ್ಯಾಮೊಗ್ರಾಂನ ಮೂಲ ಕಡತ ಅಳಿಸದಿರಲಿ

ಮಾನ್ಯ ಸಂಪಾದಕರೇ,

ಕೃತಕ ಬುದ್ಧಿಮತ್ತೆಯು ಸ್ತನ ಕ್ಯಾನ್ಸರನ್ನು ಪತ್ತೆ ಹಚ್ಚುತ್ತದೆಂಬ ಸುದ್ದಿಗಳು ಈಚೆಗೆ ಮೇಲಿಂದ ಮೇಲೆ ಬರುತ್ತಿವೆ. ಬೆಂಗಳೂರಿನಲ್ಲಿ ಇದೇ ಕೆಲಸದಲ್ಲಿರುವ ನನ್ನ ದಿನಗಳೆಲ್ಲ ಬಹುಪಾಲು ಸರಿಯಾದ ಚಿತ್ರಗಳನ್ನು ಹುಡುಕುವುದರಲ್ಲೇ ಕಳೆಯುತ್ತಿವೆ.

ಪರಿಚಿತರೊಬ್ಬರು ತಮ್ಮ ತಾಯಿಯ ಹಳೆಯ ಮ್ಯಾಮೊಗ್ರಾಂ (ಸ್ತನದ ಎಕ್ಸ್‌ರೇ) ಫಿಲ್ಮನ್ನು ಅಡುಗೆಮನೆಯ ಕಿಟಕಿಗೆ ಹಿಡಿದು, ಮೊಬೈಲಿನಲ್ಲಿ ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿ, ‘ನಿಮ್ಮ ಸಾಫ್ಟ್‌ವೇರ್‌ಗೆ ಹಾಕಿ ನೋಡಿ’ ಎಂದರು. ಅದರಲ್ಲಿ ಎದ್ದು ಕಾಣುತ್ತಿದ್ದುದು ಕಿಟಕಿಯ ಸರಳುಗಳು! ಯಂತ್ರದಿಂದ ಬರುವ ಡೈಕಾಮ್ ಕಡತದಲ್ಲಿ (ವೈದ್ಯಕೀಯ ಚಿತ್ರದ ಮೂಲ ಡಿಜಿಟಲ್ ರೂಪ) ಬೂದು ಬಣ್ಣದ ಸಾಮಾನ್ಯವಾಗಿ 4,096 ಅಥವಾ ಅದಕ್ಕೂ ಹೆಚ್ಚು ಛಾಯೆಗಳಿರುತ್ತವೆ. ಮಾಮೂಲಿ ಫೋಟೊದಲ್ಲಿ ಉಳಿಯುವುದು 256. ರಾಗಿ ಕಾಳಿಗಿಂತಲೂ ಸಣ್ಣದಾದ ಸುಣ್ಣದ ಕಣಗಳ ಗುಂಪೇ ಕೆಲವೊಮ್ಮೆ ರೋಗದ ಮೊದಲ ಸುಳಿವಾಗಿರುವಾಗ, ಹೀಗೆ ಕಳೆದುಹೋದದ್ದನ್ನು ಮರಳಿ ತರುವುದು ವೈದ್ಯರಿಗೂ ಆಗದು, ಯಂತ್ರಕ್ಕೂ ಆಗದು. ಆಸ್ಪತ್ರೆಯಲ್ಲಿ ಮೂಲ ಕಡತ ಕೇಳಿದ್ದಕ್ಕೆ, ‘ಮೂರು ವರ್ಷ ಆಯ್ತಲ್ಲ, ಡಿಲೀಟ್ ಆಗಿದೆ’ ಎಂಬ ಉತ್ತರ ಸಿಕ್ಕಿತಂತೆ.

ಸ್ವೀಡನ್ನಿನಲ್ಲಿ 80,000ಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೃತಕ ಬುದ್ಧಿಮತ್ತೆಯ ನೆರವಿನಿಂದ, ಪತ್ತೆಯ ಪ್ರಮಾಣ ಕುಂದದೆಯೇ ವೈದ್ಯರು ಚಿತ್ರ ಓದುವ ಹೊರೆ ಶೇ 44ರಷ್ಟು ಇಳಿಯಿತು. ಆದರೆ ಅಲ್ಲಿ ಪಳಗಿದ ತಂತ್ರಾಂಶವನ್ನು ತಂದು ಇಲ್ಲಿ ಹಾಗೆಯೇ ಕೂರಿಸಿದರೆ ಸಾಲದು. ನಮ್ಮಲ್ಲಿ ಈ ರೋಗ ಪಾಶ್ಚಾತ್ಯ ದೇಶಗಳಿಗಿಂತ ಸರಾಸರಿ ಹತ್ತು ವರ್ಷ ಮೊದಲೇ ಕಾಣಿಸಿಕೊಳ್ಳುತ್ತದೆ. ಕಿರಿಯ ವಯಸ್ಸಿನವರ ಸ್ತನದ ಅಂಗಾಂಶ ಹೆಚ್ಚು ದಟ್ಟವಾಗಿದ್ದು, ಮ್ಯಾಮೊಗ್ರಾಂನಲ್ಲಿ ಅದೂ ಗೆಡ್ಡೆಯಂತೆ ಬೆಳ್ಳಗೇ ಕಾಣುತ್ತದೆ. ಯಂತ್ರಗಳ ಕಲಿಕೆಯೂ ವಿಚಿತ್ರವೇ: ಚರ್ಮದ ಕ್ಯಾನ್ಸರ್ ಗುರುತಿಸಲು ಅಮೆರಿಕದಲ್ಲಿ ತಯಾರಿಸಿದ ತಂತ್ರಾಂಶವೊಂದು, ಮಚ್ಚೆಯ ಪಕ್ಕದಲ್ಲಿ ಅಳತೆಪಟ್ಟಿ ಇದ್ದರೆ ಅದನ್ನು ಕ್ಯಾನ್ಸರ್ ಎನ್ನುವತ್ತ ವಾಲುತ್ತಿತ್ತು. ವೈದ್ಯರು ಅನುಮಾನವಿದ್ದ ಮಚ್ಚೆಗಳ ಪಕ್ಕದಲ್ಲೇ ಹೆಚ್ಚಾಗಿ ಪಟ್ಟಿ ಇಡುತ್ತಿದ್ದರು, ಅಷ್ಟೆ.

1982ರಿಂದ ಕಿದ್ವಾಯಿ ಸಂಸ್ಥೆಯಲ್ಲಿ ಕ್ಯಾನ್ಸರ್ ನೋಂದಣಿ ನಡೆದುಬಂದಿರುವ ಊರು ನಮ್ಮದು. ದಾಖಲೆ ಇಡುವುದು ನಮಗೆ ಹೊಸದಲ್ಲ. ಮೂಲ ಕಡತಗಳನ್ನು ಕನಿಷ್ಠ ಹತ್ತು ವರ್ಷ ಉಳಿಸಬೇಕೆಂದೂ, ಬಯಾಪ್ಸಿ (ಅಂಗಾಂಶ ಪರೀಕ್ಷೆ) ವರದಿಯನ್ನು ಆ ಕಡತದ ಸಂಖ್ಯೆಯಡಿಯೇ ಜೋಡಿಸಬೇಕೆಂದೂ, ರೋಗಿಯ ಒಪ್ಪಿಗೆ ಪಡೆದು, ಹೆಸರು, ವಿಳಾಸ ತೆಗೆದು ಸಂಶೋಧನೆಗೆ ಒದಗಿಸಬೇಕೆಂದೂ ಆರೋಗ್ಯ ಇಲಾಖೆ ಎಲ್ಲ ಆಸ್ಪತ್ರೆಗಳಿಗೆ ಸೂಚಿಸಬೇಕು. ಅಲ್ಲಿಯವರೆಗೆ, ಪರೀಕ್ಷೆ ಮಾಡಿಸಿದ ದಿನವೇ ಓದುಗರು ಡೈಕಾಮ್ ಕಡತವಿರುವ ಸಿ.ಡಿ.ಯನ್ನು ಕೇಳಿ ಪಡೆಯಲಿ, ಮನೆಗೆ ಬಂದ ಕೂಡಲೇ ತೆರೆದೂ ನೋಡಲಿ. ನನ್ನ ಕೈಗೆ ಬಂದವುಗಳಲ್ಲಿ ಕೆಲವು ಖಾಲಿ ಇದ್ದವು.

– ಒಬ್ಬ ಸಂಶೋಧಕಿ, ಮಲ್ಲೇಶ್ವರ, ಬೆಂಗಳೂರು